ಬಸವರಾಜನ ಎತ್ತರದ ಸ್ಟ್ಯಾಂಡು

ಕುಳ್ಳಗಿರುವವರಿಗೆ ಈ ಲೋಕದಲ್ಲಿ ಎರಡೇ ದಾರಿ. ಒಂದು, ಹಿಮ್ಮಡಿ ಎತ್ತುವುದು. ಇನ್ನೊಂದು, ನಮಗೆ ಕಾಣದೇ ಇದ್ದದ್ದು ನೋಡುವಂಥದ್ದೇ ಅಲ್ಲ ಎಂದು ತೀರ್ಮಾನಿಸುವುದು. ಮದುವೆಮನೆಗಳಲ್ಲಿ ನಾನು ಎರಡನೆಯ ದಾರಿ ಹಿಡಿದವನು. ಧಾರೆಯ ಹೊತ್ತಿನಲ್ಲಿ ಮುಂದೆ ನಿಂತವರ ಬೆನ್ನುಗಳನ್ನು ನೋಡಿ, ಅಕ್ಷತೆಯನ್ನು ಅಂದಾಜಿನ ಮೇಲೆ ಎಸೆದು, ನೇರವಾಗಿ ಊಟದ ಹಾಲಿಗೆ ನಡೆದುಬಿಡುತ್ತೇನೆ. ಅದು ವಧೂವರರ ಮೇಲೆ ಬಿತ್ತೋ ವಿಡಿಯೋದವನ ಬೋಳುತಲೆಯ ಮೇಲೆ ಬಿತ್ತೋ ವಿಚಾರಿಸಲು ಹೋದವನಲ್ಲ. ಆದರೆ ಹೊಟ್ಟೆಪಾಡಿನ ವಿಷಯದಲ್ಲಿ ಈ ವೈರಾಗ್ಯ ನಡೆಯುವುದಿಲ್ಲ. ನನ್ನದು ಸರ್ವೇಯರ್ ಕೆಲಸ. ಪೀಣ್ಯದಲ್ಲಿ ನಮ್ಮ ಆಫೀಸು, ಟಿ. ದಾಸರಹಳ್ಳಿಯಲ್ಲಿ ಮನೆ, ಅಳತೆ ಮಾತ್ರ ವೈಟ್‌ಫೀಲ್ಡಿನಿಂದ ಹಿಡಿದು ಚಂದಾಪುರದವರೆಗೆ ಎಲ್ಲಿ ಜಾಗದ ಜಗಳವಿದೆಯೋ ಅಲ್ಲಿ. ಯಂತ್ರದ ಕಿಂಡಿಗೆ ಕಣ್ಣಿಟ್ಟು ದೂರ ನೋಡಬೇಕು. ಕಿಂಡಿ ಕಣ್ಣಿನ ಮಟ್ಟಕ್ಕೆ ಬರದಿದ್ದರೆ ಕಣ್ಣನ್ನೇ ಕಿಂಡಿಯ ಮಟ್ಟಕ್ಕೆ ಒಯ್ಯಬೇಕು.

ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಕಳೆದ ಯುಗಾದಿಯಿಂದ ಈಚೆಗೆ ನಾನು ಪೇಂಟಿನ ಬಕೆಟ್ಟೊಂದನ್ನು ಬೋರಲು ಹಾಕಿ, ಅದರ ಮೇಲೆ ನಿಂತು ಬೆಂಗಳೂರನ್ನು ಅಳೆಯುತ್ತಿದ್ದೆ. ಸರ್ವೇಗೆ ಹೊರಟರೆ ಯಂತ್ರ, ಸ್ಟ್ಯಾಂಡು, ಕೊಡೆ, ಊಟದ ಡಬ್ಬಿ, ಜೊತೆಗೆ ಬಕೆಟ್ಟು. ನೋಡಿದವರು ಎಲ್ಲೋ ಸುಣ್ಣ ಬಳಿಯಲು ಹೊರಟಿದ್ದಾನೆ ಎಂದುಕೊಳ್ಳುತ್ತಿದ್ದರು. ಸ್ಟ್ಯಾಂಡಿನ ಕಾಲನ್ನು ನಾಲ್ಕು ಬೆರಳು ಇಳಿಸಿಕೊಂಡರೆ ಬಕೆಟ್ಟಿನ ಅಗತ್ಯವೇ ಇಲ್ಲ ಎನ್ನುವುದು ನಿಮಗೆ ಹೊಳೆದಿರಬಹುದು. ನನಗೂ ಹೊಳೆದಿತ್ತು. ಇಳಿಸುವ ತಿರುಪು ಕೈಗೆ ಸಿಗುವಂತೆಯೇ ಇತ್ತು. ಇಳಿಸಲು ಮನಸ್ಸಾಗಲಿಲ್ಲ, ಅಷ್ಟೆ. ಏಕೆಂದರೆ ಅದು ಬಸವರಾಜನ ಎತ್ತರ.

ಬಸವರಾಜ ಗದಗದ ಕಡೆಯವನು. ನಾವಿಬ್ಬರೂ ಒಂದೇ ವರ್ಷ ಈ ಆಫೀಸು ಸೇರಿದೆವು. ಆಗ ತಲೆಯಲ್ಲಿ ಇಬ್ಬರಿಗೂ ಕೂದಲಿತ್ತು. ಅವನು ಬಾಗಿಲ ಮೇಲುಪಟ್ಟಿಗೆ ಹಣೆ ಬಡಿಸಿಕೊಳ್ಳುವ ಜಾತಿ, ನಾನು ಬಾಗಿಲಿಗೆ ಎಂದೂ ತೊಂದರೆ ಕೊಟ್ಟವನಲ್ಲ. ಆದರೂ ಯಜಮಾನರು ಇಬ್ಬರಿಗೂ ಸೇರಿಸಿ ಒಂದೇ ಸ್ಟ್ಯಾಂಡು ಕೊಟ್ಟರು. ಅದರ ವಿಚಾರ ಸ್ವಲ್ಪ ಹೇಳಬೇಕು. ಮೂರು ಮರದ ಕಾಲು. ನೆತ್ತಿಯ ಮೇಲೆ, ನಡುವೆ ತೂತಿರುವ, ತಿಂಡಿ ತಟ್ಟೆಯಷ್ಟಗಲದ ಒಂದು ಲೋಹದ ಪ್ಲೇಟು. ಲಕ್ಷಗಟ್ಟಲೆ ಬೆಲೆಯ ಯಂತ್ರ ಕೂರುವುದು ಈ ಪ್ಲೇಟಿನ ಮೇಲೆ. ಪ್ಲೇಟಿಗೂ ಕಾಲಿಗೂ ಕೀಲು ಕೂಡುವಲ್ಲಿ ಬೋಲ್ಟುಗಳಿರುತ್ತವೆ. ಅವುಗಳ ಬಿಗಿಯಲ್ಲಿದೆ ಎಲ್ಲ ಮರ್ಯಾದೆ. ಕಾಲು ಅಗಲಿಸಿ, ಪ್ಲೇಟು ಹಿಡಿದು ಸ್ಟ್ಯಾಂಡನ್ನು ನೆಲದಿಂದ ಮೇಲೆತ್ತಿದರೆ ಕಾಲುಗಳು ಅಗಲಿಸಿದ ಹಾಗೆಯೇ ನಿಲ್ಲಬೇಕು. ಬಿಗಿ ಕಡಿಮೆಯಾದರೆ ಪಂಚೆ ಜಾರಿದವನಂತೆ ತಟ್ಟನೆ ಕಾಲು ಕೂಡಿಸಿಕೊಳ್ಳುತ್ತದೆ. ಹೆಚ್ಚಾದರೆ ಮುನಿಸಿಕೊಂಡ ಮಗುವಿನಂತೆ ಕಾಲು ಬಿಡಿಸುವುದೇ ಇಲ್ಲ. ಸಡಿಲ ಪ್ಲೇಟಿನ ಮೇಲೆ ಕೂತ ಯಂತ್ರ ನೋಡಲು ಗಂಭೀರವಾಗಿಯೇ ಇರುತ್ತದೆ, ಆದರೆ ನಮಗೆ ಗೊತ್ತಾಗದಂತೆ ಕೂತಲ್ಲೇ ತುಸು ಹೊರಳಿರುತ್ತದೆ. ಇಲ್ಲಿ ಕೂದಲೆಳೆಯಷ್ಟು ಹೊರಳಿದರೆ ಅಲ್ಲಿ ಗೋಡೆಯೇ ಸರಿಯುತ್ತದೆ.

ಆ ಬಿಗಿ ನೋಡುವ ಕೆಲಸ ಬಸವರಾಜನದು. ಬೋಲ್ಟು ತಿರುಗಿಸುವ ಅಲೆನ್ ಕೀಯನ್ನು ಅವನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಜೇಬಿನಲ್ಲಿಟ್ಟರೆ ಕಳೆದುಹೋಗುತ್ತದೆ, ಬ್ಯಾಗಿನಲ್ಲಿಟ್ಟರೆ ನಾನು ಕಳೆಯುತ್ತೇನೆ ಎಂದು ಅವನ ವಾದ. ನಾಲ್ಕು ಜನರ ಎದುರಿಗೆ ಅಂಗಿ ಎತ್ತಿ, ಹೊಟ್ಟೆ ಒಳಗೆಳೆದುಕೊಂಡು, ಆ ಎಲ್ ಆಕಾರದ ಕೀಯನ್ನು ಹೊರಗೆಳೆದು, ಸ್ಟ್ಯಾಂಡಿಗೆ ಸೊಂಟ ಒತ್ತಿ ನಿಂತು ಬೋಲ್ಟು ತಿರುಗಿಸುತ್ತಿದ್ದ. ಐಟಿ ಪಾರ್ಕಿನ ಹೆಣ್ಣುಮಕ್ಕಳು ಹಾದುಹೋಗುವಾಗ ನಾನು ಅವನಿಗೂ ನನಗೂ ಸಂಬಂಧವಿಲ್ಲದಂತೆ ಆಕಾಶ ನೋಡುತ್ತಿದ್ದೆ. ಮೆಟ್ರೋದಲ್ಲಿ ತಪಾಸಣೆಯವರ ಯಂತ್ರ ಅವನ ಸೊಂಟಕ್ಕೆ ಬಂದ ಕೂಡಲೇ ಕುಯ್ ಎನ್ನುತ್ತಿತ್ತು. "ಏನಿದೆ ಸಾರ್ ಅಲ್ಲಿ?" ಎಂದರೆ, "ನನ್ನ ಪ್ರಾಣ ಐತ್ರಿ" ಎನ್ನುತ್ತಿದ್ದ. ಆಮೇಲೆ ಬದಿಗೆ ಕರೆದೊಯ್ದು ನೋಡುವುದು, ನನಗೆ ಕೆಲಸಕ್ಕೆ ತಡವಾಗುವುದು, ದಾರಿಯುದ್ದಕ್ಕೂ ನಾನು ಅವನನ್ನು ಬೈಯುವುದು.

ಬಿಗಿಯಾದ ಮೇಲೆ ಚಹಾದ ಪರೀಕ್ಷೆ. ಇದು ಯಾವ ಕಾಲೇಜಿನಲ್ಲಿಯೂ ಕಲಿಸುವುದಿಲ್ಲ. ಯಂತ್ರ ಇಡುವ ಮೊದಲು ಪ್ಲೇಟು ಹೆಚ್ಚುಕಡಿಮೆ ಸಮವಾಗಿರಬೇಕು. ಇಲ್ಲದಿದ್ದರೆ ಆಮೇಲೆ ಯಂತ್ರದ ತಿರುಪುಗಳನ್ನು ಎಷ್ಟು ತಿರುಗಿಸಿದರೂ ಮಟ್ಟದ ಗಾಜಿನೊಳಗಿನ ಗುಳ್ಳೆ ನಡುವಿಗೆ ಬಂದು ಕೂರುವುದಿಲ್ಲ. ಉಳಿದವರು ಇದನ್ನು ಕಣ್ಣಳತೆಯಲ್ಲಿ ನೋಡುತ್ತಾರೆ. ಬಸವರಾಜ ಬೈಟೂ ಚಹಾದ ಗಾಜಿನ ಲೋಟವನ್ನು ಪ್ಲೇಟಿನ ಅಂಚಿನ ಮೇಲೆ ಇಡುತ್ತಿದ್ದ. ನಡುವಿನ ತೂತು ತಪ್ಪಿಸಿ, ಮೂರು ಕಾಲಿನ ಮೇಲೆ ಮೂರು ಕಡೆ, ಪ್ರದಕ್ಷಿಣೆಯಂತೆ. ಲೋಟದ ಅಂಚಿಗೂ ಚಹಾಕ್ಕೂ ನಡುವಿನ ಅಂತರ ಸುತ್ತಲೂ ಒಂದೇ ಇದ್ದರೆ ಪಾಸು. "ತಲಿ ನೆಟ್ಟಗಿದ್ರ ಕಾಲು ತಾವ ದಾರಿಗೆ ಬರ್ತಾವ ನೋಡೋ ಸೀನಪ್ಪಾ" ಎಂದು ಹೇಳಿ, ಪರೀಕ್ಷೆ ಮುಗಿದ ಚಹಾ ಕುಡಿಯುತ್ತಿದ್ದ. ಪಾಸಾಗದಿದ್ದರೂ ಕುಡಿಯುತ್ತಿದ್ದ. ಅಷ್ಟು ಹೊತ್ತಿಗೆ ನನ್ನ ಪಾಲಿನ ಅರ್ಧ ಲೋಟ ಆರಿ ನೀರಾಗಿರುತ್ತಿತ್ತು. ಆ ಪ್ಲೇಟಿನ ಮೇಲೆ ಇಂದಿಗೂ ಚಹಾದ ಕಲೆಯ ಬಳೆಗಳಿವೆ.

ಇನ್ನು ಎತ್ತರದ ಜಗಳ. ಸ್ಟ್ಯಾಂಡಿನ ಕೆಳಗಿನ ಕಾಲು ಮೇಲಿನ ಮರದೊಳಗೆ ಸರಿಯುತ್ತದೆ. ಬೇಕಾದಷ್ಟು ಎಳೆದು ಬಿಗಿ ಮಾಡಿಕೊಳ್ಳಬೇಕು. ಬಸವರಾಜ ತನ್ನ ಎತ್ತರ ಎಲ್ಲಿ ಎಂದು ಮೂರು ಕಾಲಿನ ಮೇಲೂ ಹೆಂಡತಿ ನೀಲವ್ವನ ನೇಲ್ ಪಾಲಿಶ್‌ನಿಂದ ಕೆಂಪು ಗೀಟು ಹಾಕಿದ್ದ. ನನ್ನ ಹೆಂಡತಿ ನೇಲ್ ಪಾಲಿಶ್ ಹಚ್ಚುವವಳಲ್ಲ, ಹೀಗಾಗಿ ನನ್ನದು ಸೈಟಿನ ಹಳದಿ ಪೇಂಟು. ಕೆಂಪಿಗೂ ಹಳದಿಗೂ ನಡುವೆ ನಾಲ್ಕು ಬೆರಳು. ಆ ನಾಲ್ಕು ಬೆರಳಿಗೆ ನಾವು ಆಡಿದ ಜಗಳವನ್ನು ಯಾವ ದಾಯಾದಿಗಳೂ ಆಡಿರಲಾರರು. ಒಂದು ದಿನ ಅವನ ಎತ್ತರಕ್ಕೆ ನಿಲ್ಲಿಸಬೇಕು, ಮಾರನೆಯ ದಿನ ನನ್ನದಕ್ಕೆ ಎಂದು ಒಪ್ಪಂದವಾಗಿತ್ತು. ಅವನ ದಿನ ನಾನು ಹಿಮ್ಮಡಿ ಎತ್ತಿ ನಿಂತು ಸಂಜೆಗೆ ಮೀನಖಂಡ ಹಿಡಿದುಕೊಂಡು ಅಳುತ್ತಿದ್ದೆ. ನನ್ನ ದಿನ ಅವನು ಬಗ್ಗಿ ಬಗ್ಗಿ, "ನನ್ನ ನಡ ಮುರದು ಕೈಯಾಗ ಕೊಟ್ಟಿ ಬಿಡಲೇ" ಎನ್ನುತ್ತಿದ್ದ. ಯಾವ ದಿನವೂ ಇಬ್ಬರೂ ಸುಖವಾಗಿದ್ದದ್ದಿಲ್ಲ. ಇದನ್ನು ಮನೆಯಲ್ಲಿ ಹೇಳಿದರೆ ನನ್ನವಳು, "ಮದುವೇಲೂ ಅಷ್ಟೇ ಅಲ್ವೇನ್ರೀ, ಅಲ್ಲಿ ಪಾಳಿನೂ ಇಲ್ಲ" ಎಂದಳು. ಯಾರ ಕಾಲು ನೋಯುತ್ತಿತ್ತು ಎಂದು ನಾನು ಕೇಳಲಿಲ್ಲ. ಕೇಳಬಾರದ್ದು ಕೆಲವಿರುತ್ತವೆ.

ಯುಗಾದಿಯ ಹಿಂದಿನ ವಾರ, ಅವನ ಪಾಳಿಯ ದಿನ, ಕೆಲಸ ಮುಗಿಸಿ ಸ್ಟ್ಯಾಂಡು ಮಡಚುವಾಗ ಅವನು ಎದೆ ಉಜ್ಜಿಕೊಂಡ. "ಮಧ್ಯಾಹ್ನದ ಮಿರ್ಚಿ ಬಜಿ ಎದ್ದು ಕುಂತಾವು" ಎಂದ. ಬಜ್ಜಿ ನಾನೇ ತಂದದ್ದು. ನನಗೇನೂ ಆಗಿಲ್ಲವಲ್ಲ ಎಂದು ಜಂಬ ಕೊಚ್ಚಿದೆ. ಮನೆಗೆ ಹೋಗಿ ಮಾತ್ರೆ ನುಂಗಿ ಮಲಗಿದವನು ಬೆಳಗ್ಗೆ ಏಳಲಿಲ್ಲ. ಅಷ್ಟೇ ಅದರ ಕತೆ. ಇದನ್ನು ಇನ್ನೂ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ, ಬರುವುದೂ ಬೇಡ.

ಅವನ ಊರಿಗೆ ನಾನೂ ಹೋದೆ. ಮಣ್ಣು ಮಾಡುವ ಮೊದಲು ಮೈ ತೊಳೆಯುತ್ತಾರೆ, ಉಡಿದಾರ ಕತ್ತರಿಸುತ್ತಾರೆ. ಕತ್ತರಿಸಿದ ಹಿರಿಯರೊಬ್ಬರ ಕೈಗೆ ಕೀ ಬಂತು. ಅವರು ಅದನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ನೋಡಿದರು. "ಇದ್ಯಾವ ನಮೂನಿ ತಾಯತಪಾ? ಯಾವ ಅಜ್ಜಾರು ಕೊಟ್ಟಿದ್ದು?" ಎಂದು ಕೇಳಿದರು. ನೀಲವ್ವ ನನ್ನ ಕಡೆ ನೋಡಿದಳು. ಅವಳಿಗೆ ಅದೇನೆಂದು ಚೆನ್ನಾಗಿ ಗೊತ್ತು. ಅದು ಚುಚ್ಚಿ ಅವನ ಬನಿಯನ್ನುಗಳೆಲ್ಲ ತೂತಾಗಿದ್ದವು. ನಾನು, "ಪೀಣ್ಯದ್ದು" ಎಂದೆ. "ಶಕ್ತಿ ಇತ್ತೇನು?" "ಇತ್ತು." "ಹಂಗಾರ ಅವನ ಜೋಡೀನ ಹೋಗ್ಲಿ" ಎಂದು ಅವರು ಅದನ್ನು ಕಣ್ಣಿಗೊತ್ತಿಕೊಂಡು ವಿಭೂತಿ ಹಚ್ಚಿ ಅವನ ಮಡಿಲಲ್ಲಿ ಇಟ್ಟರು. ಅಂಥ ಹೊತ್ತಿನಲ್ಲಿ ನನಗೆ ನಗು ಬಂತು. ಬಾಯಿಗೆ ಟವೆಲ್ಲು ಅಡ್ಡ ಹಿಡಿದೆ. ಪಕ್ಕದವರು ಬೆನ್ನು ಸವರಿ, "ಅಳಬ್ಯಾಡ್ರೀ, ಸಮಾಧಾನ ಮಾಡ್ಕೋರಿ" ಎಂದರು. ಅವರು ಬೆನ್ನು ಮುಟ್ಟಿದ ಮೇಲೆ ಅದು ನಗುವಾಗಿ ಉಳಿಯಲಿಲ್ಲ.

ಹಿಂತಿರುಗಿ ಬಂದು ಸ್ಟ್ಯಾಂಡು ಬಿಚ್ಚಿದಾಗ ಅದು ಕೆಂಪು ಗೀಟಿಗೆ ನಿಂತಿತ್ತು. ಪಾಳಿಯ ಪ್ರಕಾರ ಅವತ್ತು ನನ್ನ ದಿನ. ಆದರೆ ಎದುರಿನವನಿಲ್ಲದೆ ಪಾಳಿ ಎಂಥದ್ದು? ಬಕೆಟ್ಟು ಹುಡುಕಿ ತಂದೆ. ಪ್ಲೇಟಿನ ಬೋಲ್ಟುಗಳನ್ನಂತೂ ಮುಟ್ಟಲೇ ಇಲ್ಲ. ಅವುಗಳಲ್ಲಿದ್ದದ್ದು ಅವನ ಕೈಯ ಕೊನೆಯ ಬಿಗಿ. ನಾನು ಒಮ್ಮೆ ತಿರುಗಿಸಿದರೆ ಅದು ನನ್ನದಾಗುತ್ತದೆ, ಅವನದು ಹೋಗುತ್ತದೆ. ಮೂರ್ಖತನ ಎನ್ನಿ, ಒಪ್ಪಿಕೊಳ್ಳುತ್ತೇನೆ. ಆದರೆ ಬೋಲ್ಟಿಗೆ ನಮ್ಮ ಸಂಕಟ ತಿಳಿಯುವುದಿಲ್ಲ. ನಾನು ಮುಟ್ಟದಿದ್ದರೂ ಅದು ದಿನದಿಂದ ದಿನಕ್ಕೆ ತಾನಾಗಿ ಸಡಿಲವಾಗುತ್ತಲೇ ಹೋಯಿತು. ಯಾರಾದರೂ ಕೇಳಿದರೆ, "ಆ ಸೈಜಿನ ಅಲೆನ್ ಕೀ ಸಿಗ್ತಿಲ್ಲ" ಎನ್ನುತ್ತಿದ್ದೆ. ಪೀಣ್ಯದಲ್ಲಿ ಅಲೆನ್ ಕೀ ಸಿಗುವುದಿಲ್ಲ ಎನ್ನುವುದೂ ಮಂಡ್ಯದಲ್ಲಿ ಬೆಲ್ಲ ಸಿಗುವುದಿಲ್ಲ ಎನ್ನುವುದೂ ಒಂದೇ. ನಮ್ಮ ಆಫೀಸಿನಿಂದ ಕೆಳಗಿಳಿದರೆ ಎದುರಿಗೇ ಹಾರ್ಡ್‌ವೇರ್ ಅಂಗಡಿ. ಬಾಗಿಲಲ್ಲಿ ಅಲೆನ್ ಕೀಗಳ ಗೊಂಚಲು ಮಾವಿನ ತೋರಣದ ಹಾಗೆ ತೂಗುತ್ತಿರುತ್ತದೆ. ನಾನು ಆ ಅಂಗಡಿಯ ಮುಂದೆ ಹಾಯುವಾಗ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದೆ.

ಬಸವರಾಜನ ಜಾಗಕ್ಕೆ ಆಶಾ ಎನ್ನುವವರು ಬಂದರು. ಚಂದಾಪುರದ ಕಡೆ ರಸ್ತೆ ಕೆಲಸದಲ್ಲಿ ಬಿಸಿಲು ತಿಂದು ಪಳಗಿದ ಹೆಂಗಸು, ಇಬ್ಬರು ಮಕ್ಕಳ ತಾಯಿ. ಮೊದಲ ದಿನ ನಾನು ಬಕೆಟ್ಟು ಹತ್ತಿದ್ದನ್ನು ನೋಡಿದರು. ಎರಡನೆಯ ದಿನ, "ಸಾರ್, ಸ್ಟ್ಯಾಂಡ್ ಸ್ವಲ್ಪ ಇಳಿಸ್ಲಾ?" ಎಂದರು. "ಬೇಡಮ್ಮ, ಎತ್ತರದಿಂದ ನೋಟ ಚೆನ್ನಾಗಿ ಸಿಗತ್ತೆ" ಎಂದೆ. ಇಂಥ ಮಾತನ್ನು ಸರ್ವೇ ಕಲಿತವರ ಎದುರಿಗೆ ಆಡಲು ಧೈರ್ಯ ಬೇಕು. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ನಾನು ಬೀಳದಂತೆ ಬಕೆಟ್ಟಿಗೆ ಕಲ್ಲು ಒತ್ತು ಕೊಟ್ಟು, ಮುಂದಿನ ಕೆಲಸಕ್ಕೆ ಹೋದರು.

ಎಲ್ಲ ಬಿಗಡಾಯಿಸಿದ್ದು ವೈಟ್‌ಫೀಲ್ಡಿನ ಪಟ್ಟಂದೂರು ಅಗ್ರಹಾರದಲ್ಲಿ, ಮುನಿಯಮ್ಮನ ಜಾಗದಲ್ಲಿ. ಮುನಿಯಮ್ಮ ಅಲ್ಲಿಯ ಮೂಲದ ರೈತರ ಮನೆಯವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ಬಾಡಿಗೆ ಮನೆ. ಉಳಿದ ತುಂಡಿನಲ್ಲಿ ಕೊಟ್ಟಿಗೆ, ಅದರಲ್ಲಿ ಎರಡು ಹಸು. ಕೊಟ್ಟಿಗೆಯ ಗೋದಲಿಯ ಪಕ್ಕದಲ್ಲೇ ಮೈದುನನ ಜಾಗ. ಅವನು ಕಟ್ಟಡ ಎಬ್ಬಿಸಲು ಹೊರಟಿದ್ದ. ಗಡಿ ಎಲ್ಲಿ ಬೀಳುತ್ತದೋ ಅಲ್ಲಿಗೆ ಗೋಡೆ. ಸರ್ವೇಯರ್ ಇಟ್ಟ ಗೂಟಕ್ಕೆ ಇಬ್ಬರೂ ಒಪ್ಪುವುದೆಂದು ಮಾತಾಗಿತ್ತು. ಗೂಟ ನಾಲ್ಕು ಬೆರಳು ಈಚೆ ಬಂದರೆ ಗೋದಲಿ ಒಡೆಯಬೇಕು, ಗೋದಲಿ ಒಡೆದರೆ ಹಸು ಕಟ್ಟಲು ಜಾಗವಿಲ್ಲ, ಮಾರಬೇಕು. ಮುನಿಯಮ್ಮ ಇದನ್ನು ಹೇಳುವಾಗ ಹಸುವಿನ ಗಂಗೆದೊಗಲು ಸವರುತ್ತಿದ್ದರು. ಮೊದಲ ದಿನ ಗೂಟ ಗೋದಲಿಯ ಆಚೆ ಬಿತ್ತು. ಮಾರನೆಯ ದಿನ ಖಾತ್ರಿಗೆಂದು ಮತ್ತೆ ಅಳೆದರೆ ಗೋದಲಿಯ ಒಳಗೇ ಬಿತ್ತು. ಮುನಿಯಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಏನಪ್ಪಾ ಸರ್ವೇರಪ್ಪ, ನಿನ್ನೆ ಗೂಟ ಅಲ್ಲಿತ್ತು, ಇವತ್ತು ಇಲ್ಲೈತೆ. ನಮ್ ಜಾಗ ಏನ್ ಎದ್ದು ನಡೀತದಾ? ನಂಗೇ ಮಂಡಿ ನೋವು, ಅದ್ಕೆ ಅಂಗೆ ನಡ್ಯಕ್ಕೆ ಎಲ್ಲಿಂದ ಬಂತು ಶಕ್ತಿ?"

ಆಶಾ ತುಟಿ ಕಚ್ಚಿಕೊಂಡರು. ನಾನು ಬಕೆಟ್ಟಿನ ಮೇಲೆ ನಿಂತೇ ಬಿಸಿಲಿನ ಮೇಲೆ ತಪ್ಪು ಹಾಕಿದೆ, ಪಕ್ಕದ ರಸ್ತೆಯ ಲಾರಿಗಳ ಮೇಲೆ ಹಾಕಿದೆ, ಕೊನೆಗೆ ಹಸುವಿನ ಮೇಲೂ ಹಾಕಿ ನೋಡಿದೆ. ಸಂಜೆ ಯಜಮಾನರು ಕರೆದು ಮೆತ್ತಗೇ ಹೇಳಿದರು: "ಶ್ರೀನಿವಾಸ್, ಇನ್ನೊಂದ್ಸಲ ಅಳತೆ ಕೂಡ್ಲಿಲ್ಲ ಅಂದ್ರೆ ಆ ಸ್ಟ್ಯಾಂಡ್‌ನ ಗುಜರಿಗೆ ಹಾಕ್ಬಿಡಿ. ಅಲ್ಯೂಮಿನಿಯಂದು ಹೊಸದು ತರಿಸ್ತೀನಿ. ಇಷ್ಟು ವರ್ಷ ದುಡಿದಿದೆ, ಸಾಕು." ಅವರು ಒಳ್ಳೆಯ ಮನುಷ್ಯರು, ಒಳ್ಳೆಯ ಮಾತೇ ಆಡಿದರು. ನನಗೆ ಮಾತ್ರ ಯಾರನ್ನೋ ಇನ್ನೊಮ್ಮೆ ಹೊತ್ತುಕೊಂಡು ಹೋಗಲು ಬಂದಿದ್ದಾರೆ ಎನ್ನಿಸಿತು. ಆಗ ತಿಳಿಯಿತು ನನ್ನ ಪಾಡು. ಮುಟ್ಟಿದರೆ ಅವನ ಬಿಗಿ ಹೋಗುತ್ತದೆ, ಮುಟ್ಟದಿದ್ದರೆ ಸ್ಟ್ಯಾಂಡೇ ಹೋಗುತ್ತದೆ, ಅದರ ಜೊತೆಗೆ ಮುನಿಯಮ್ಮನ ಗೋದಲಿಯೂ.

ಮೂರನೆಯ ಸಲ ಅಗ್ರಹಾರಕ್ಕೆ ಹೋದಾಗ ಆಶಾ ತಮ್ಮ ಬ್ಯಾಗಿನಿಂದ ಕಾಗದದಲ್ಲಿ ಸುತ್ತಿದ ಏನನ್ನೋ ತೆಗೆದು ನನ್ನ ಕೈಗಿಟ್ಟರು. ಹೊಸ ಅಲೆನ್ ಕೀ, ಎಣ್ಣೆಯೂ ಆರಿರಲಿಲ್ಲ. "ನಮ್ಮಾಫೀಸ್ ಎದುರುಗಡೇನೇ ಸಿಕ್ತು ಸಾರ್" ಎಂದರು. ನಾನು ಅಂಗಡಿಯವನ ಬಗ್ಗೆ ಏನೋ ಗೊಣಗಿದೆ. "ನಾನೇ ಬಿಗಿ ಮಾಡ್ಬೋದಿತ್ತು ಸಾರ್. ಆದ್ರೆ ಅದು ನಾನು ಮುಟ್ಟೋ ವಸ್ತು ಅಲ್ಲ ಅನ್ಸ್ತು. ನೀವೇ ಮಾಡಿ" ಎಂದು ಹೇಳಿ, ಮುನಿಯಮ್ಮನ ಹಸುವನ್ನು ನೋಡುವ ನೆಪದಲ್ಲಿ ಆಚೆ ಹೋಗಿ ನಿಂತರು. ಈ ಆಫೀಸಿನಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಗೊತ್ತಿಲ್ಲ ಎಂದುಕೊಂಡವನು ನಾನೊಬ್ಬನೇ.

ಕೀಯನ್ನು ಬೋಲ್ಟಿಗೆ ಕೂರಿಸಿದೆ. ಅವನಂತೆಯೇ ಸ್ಟ್ಯಾಂಡಿಗೆ ಸೊಂಟ ಒತ್ತಿ ನಿಂತೆ. ಅವನ ಸೊಂಟ ಬರುತ್ತಿದ್ದ ಜಾಗಕ್ಕೆ ನನ್ನ ಪಕ್ಕೆಲುಬು ಬಂತು. ತುಂಬ ದುಃಖವಾಯಿತು. ಅವನು ಸತ್ತ ದಿನವೂ ಅಷ್ಟು ಆಗಿರಲಿಲ್ಲ. ಅವತ್ತು ಬಸ್ಸು, ಹೂವು, ಜನ ಎಂದು ನೂರೆಂಟು ಗಡಿಬಿಡಿ ಇತ್ತು. "ಆಯ್ತು ಕಣೋ, ತಿರುಗಿಸ್ತೀನಿ" ಎಂದು ಸಣ್ಣಗೆ ಹೇಳಿ ತಿರುಗಿಸಿದೆ. ಕಾಲು ಸುತ್ತೂ ಆಗಲಿಲ್ಲ, ಬಿಗಿ ಬಂತು. ಇಷ್ಟಕ್ಕೆ ಇಷ್ಟು ತಿಂಗಳು. ಉಳಿದ ಬೋಲ್ಟುಗಳಿಗೂ ಅಷ್ಟಷ್ಟೇ ಮಾಡಿ, ಕಾಲು ಅಗಲಿಸಿ, ಪ್ಲೇಟು ಹಿಡಿದು ಮೇಲೆತ್ತಿದೆ. ಮೂರು ಕಾಲುಗಳೂ ಅಗಲಿಸಿದ ಹಾಗೆಯೇ ಗಾಳಿಯಲ್ಲಿ ನಿಂತವು. ಆಮೇಲೆ ಕೆಳಗಿಟ್ಟು, ಬಕೆಟ್ಟನ್ನು ಕಾಲಿನಿಂದ ಸರಿಸಿ, ತಿರುಪು ಸಡಿಲಿಸಿ ಒಂದೊಂದೇ ಕಾಲನ್ನು ಹಳದಿ ಗೀಟಿಗೆ ಇಳಿಸಿದೆ. ನೀಲವ್ವನ ನೇಲ್ ಪಾಲಿಶ್‌ನ ಕೆಂಪು ಗೀಟು ಮೇಲಿನ ಮರದ ಮರೆಗೆ ಸರಿದುಹೋಯಿತು. ಅಳಿಸಿಲ್ಲ, ಒಳಗಿದೆ.

ಮುನಿಯಮ್ಮ ಚಹಾ ತಂದರು. ಲೋಟವನ್ನು ಪ್ಲೇಟಿನ ಅಂಚಿಗೆ ಇಟ್ಟು ಪ್ರದಕ್ಷಿಣೆ ಹಾಕಿಸಿದೆ. "ಯಾಕಪ್ಪಾ, ಮಿಷನ್ನು ಟೀ ಕುಡಿತದಾ?" ಎಂದು ಅವರು ಕೇಳಿದರು. "ಮೊದಲು ಕುಡೀತಿತ್ತಮ್ಮ" ಎಂದೆ. ಪಾಸಾಯಿತು. ಯಂತ್ರ ಕೂರಿಸಿ ನೋಡಿದರೆ ಗುಳ್ಳೆ ಒಂದೇ ಏಟಿಗೆ ನಡುವೆ ಬಂದು ಕೂತಿತು. ಅಳೆದೆವು, ತಿರುಗಿ ಅಳೆದೆವು, ಯಂತ್ರ ತೆಗೆದು ಮತ್ತೆ ಇಟ್ಟು ಅಳೆದೆವು. ಪ್ರತಿಸಲವೂ ಗೂಟ ಒಂದೇ ಜಾಗದಲ್ಲಿ ಬಿತ್ತು, ಗೋದಲಿಯಿಂದ ಎರಡು ಬೆರಳು ಆಚೆಗೆ. ಮೈದುನ ಬಂದು ನೋಡಿ ಒಪ್ಪಿ ಹೋದ. ಗೋದಲಿ ಉಳಿಯಿತು, ಹಸು ಉಳಿದವು, ಸ್ಟ್ಯಾಂಡೂ ಉಳಿಯಿತು. ಮುನಿಯಮ್ಮ ಬಕೆಟ್ಟನ್ನು ತೋರಿಸಿ, "ಇದು ಬೇಡ್ವಾ ನಿಂಗೆ? ಅಂಗಾರೆ ಬೂಸಾ ಕಲ್ಸಕ್ಕೆ ಇಟ್ಕಂತೀನಿ" ಎಂದು ಒಳಗೊಯ್ದರು.

ಕೊನೆಯದಾಗಿ ಒಂದು ನೋಟ ಬಾಕಿಯಿತ್ತು. ದೂರದ ಮೂಲೆಯಲ್ಲಿ ಆಶಾ ಅಳತೆಯ ಕಂಬ ಹಿಡಿದು ನಿಂತಿದ್ದರು. ನಾನು ಯಂತ್ರದ ಹತ್ತಿರ ಹೋದೆ, ಒಂದು ಕಣ್ಣು ಮುಚ್ಚಿ ನೋಡಿದೆ. ಕಂಬವಿಲ್ಲ, ಆಶಾ ಇಲ್ಲ, ಕಿಂಡಿಯೊಳಗಿನ ಅಡ್ಡಗೆರೆಯೂ ಇಲ್ಲ. ಬರೀ ವೈಟ್‌ಫೀಲ್ಡಿನ ಖಾಲಿ ಆಕಾಶ. ಯಂತ್ರ ಕೆಟ್ಟಿತೇ ಎಂದು ಗಾಬರಿಯಾಯಿತು. ಇನ್ನೂ ಸ್ವಲ್ಪ ಕತ್ತು ಚಾಚಿದೆ. ಹಿಂದಿನಿಂದ ಮುನಿಯಮ್ಮ, "ಏನಪ್ಪಾ ಸರ್ವೇರಪ್ಪ, ಮಿಷನ್ನು ನಿನ್ ಗದ್ದದ ತಾವ ಐತೆ. ನೀನು ಅಂಗೆ ತುದಿಗಾಲಲ್ಲಿ ನಿಂತ್ಕಂಡು ಯಾರ್ನ ಉಡುಕ್ತಾ ಇದ್ದೀಯ?" ಎಂದರು.

ಬಗ್ಗಿ ನೋಡಿಕೊಂಡೆ. ಎರಡೂ ಹಿಮ್ಮಡಿ ನೆಲದಿಂದ ಮೇಲೆ ಎದ್ದಿದ್ದವು.

"ಯಾರೂ ಇಲ್ಲಮ್ಮ" ಎಂದು ಹಿಮ್ಮಡಿ ಇಳಿಸಿದೆ.